ಸತ್ತವರಿಗೆ ಸೀರೆ ಉಡಿಸುವ ಮೌನಪ್ಪ

ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಮೌನಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಹಣ್ಣಿನ ಬಂಡಿಯವನು ತಲೆ ಎತ್ತದೆ ಹೇಳುತ್ತಿದ್ದ: "ಸತ್ತವರಿಗೆ ಕೋಟು ಹಾಕುವವನಾ? ಔಷಧಿ ಅಂಗಡಿ ಪಕ್ಕ." ಔಷಧಿಗೆ ಬಗ್ಗದವರು ಕೊನೆಗೆ ಪಕ್ಕದ ಅಂಗಡಿಗೆ ಬರಲೇಬೇಕಲ್ಲ ಎಂಬ ನಗೆಯೂ ಅದರ ಹಿಂದೆಯೇ ಬರುತ್ತಿತ್ತು. ಮೌನಪ್ಪನಿಗೆ ಈ ಮಾತು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಹೆಸರಿಗೆ ತಕ್ಕ ಮನುಷ್ಯ ಅವನು. ಅವನ ಅಜ್ಜ ಬೀದರಿನಲ್ಲಿ ಮಿಷನ್ನಿನವರ ಕೈಯಿಂದ ಕ್ರೈಸ್ತನಾದಾಗ ದೇವರನ್ನು ಬದಲಿಸಿಕೊಂಡಿದ್ದ, ಮನೆತನದ ಹೆಸರುಗಳನ್ನು ಬಿಟ್ಟಿರಲಿಲ್ಲ. ಹೀಗಾಗಿ ಚರ್ಚಿನಲ್ಲಿ ದೀಕ್ಷಾಸ್ನಾನವಾದ ಕೂಸಿಗೂ ಮೌನಪ್ಪ ಎಂದೇ ಹೆಸರು ನಿಂತಿತು, ಕೂಸು ಆ ಹೆಸರನ್ನು ಜೀವನವಿಡೀ ನಡೆಸಿಕೊಂಡು ಬಂತು.

ಅವನ ಕಸುಬು ಹಳೆಯ ಫೋಟೋಗಳಿಗೆ ಜೀವ ತುಂಬುವುದು. ಬೀದರಿನ ಸ್ಟುಡಿಯೋದಲ್ಲಿದ್ದಾಗ ಸಣ್ಣ ಕುಂಚ, ಚೂಪು ಪೆನ್ಸಿಲ್ಲಿನಲ್ಲಿ ಮಾಡುತ್ತಿದ್ದ. ಹೈದರಾಬಾದಿಗೆ ಬಂದ ಮೇಲೆ, ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿ ಊರಿಗೆ ಊರೇ ಕಂಪ್ಯೂಟರ್ ಕಲಿಯಲು ನಿಂತಾಗ ಮೌನಪ್ಪನೂ ಕಲಿತ. ಕುಂಚ ಹೋಗಿ ಮೌಸ್ ಬಂತು. ಕಸುಬು ಮಾತ್ರ ಅದೇ: ಗೆದ್ದಲು ತಿಂದ ಕಿವಿಯನ್ನು ಮತ್ತೆ ಕೂರಿಸುವುದು, ನೀರು ಬಿದ್ದು ಕರಗಿದ ಗಲ್ಲವನ್ನು ಕಟ್ಟುವುದು, ಬೂಷ್ಟಿನ ಬಿಳಿ ಚುಕ್ಕಿಗಳನ್ನು ಒಂದೊಂದಾಗಿ ಅಳಿಸುವುದು. ಬಿಳಿ ಚುಕ್ಕಿ ಕಂಡರೆ ಸಾಕು, ಅವನ ಬೆರಳು ತಾನಾಗಿಯೇ ಅದರ ಮೇಲೆ ಹೋಗುತ್ತಿತ್ತು. ಚಪಾತಿಯ ಮೇಲಿನ ಹಿಟ್ಟಿನ ಚುಕ್ಕಿಯನ್ನೂ ಒರೆಸಿ ತಿನ್ನುತ್ತಾರೆ ಎಂದು ಹೆಂಡತಿ ಶೈಲಾ ಅಣಕಿಸುತ್ತಿದ್ದಳು.

ಕೆಲಸಕ್ಕೆ ಕೂರುವ ಮೊದಲು ಸ್ಕ್ಯಾನರಿನ ಗಾಜು ಒರೆಸಬೇಕು. ಇದಕ್ಕೆ ಹೊಸ ಬಟ್ಟೆ ಬಾರದು. ಗಂಜಿಯೆಲ್ಲ ಹೋಗಿ, ಒಗೆದು ಒಗೆದು ಬೆಣ್ಣೆಯಂತಾದ ಹತ್ತಿ ಬಟ್ಟೆಯೇ ಆಗಬೇಕು. ಈಚಿನ ತಿಂಗಳುಗಳಲ್ಲಿ ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಅಂಥದ್ದೇ, ಬಹಳ ಮೆತ್ತಗಿನದು. ಒಂದು ಮೂಲೆಯಲ್ಲಿ ಮಾತ್ರ ನೀಲಿ ದಾರದ ಹೆಣಿಗೆ ಗಂಟುಗಂಟಾಗಿ ಕೈಗೆ ತಗಲುತ್ತಿತ್ತು. ಗಾಜಿಗೆ ಗೀರು ಬಿದ್ದೀತೆಂದು ಆ ಮೂಲೆಯನ್ನು ಒಳಗೆ ಮಡಚಿ ಹಿಡಿಯುತ್ತಿದ್ದ.

ಗಿರಾಕಿಗಳಿಗೇನೂ ಕೊರತೆ ಇರಲಿಲ್ಲ. ಗಚ್ಚಿಬೌಲಿಯಲ್ಲಿ ಫ್ಲ್ಯಾಟು ಕೊಂಡವರಿಗೆ ಗೋಡೆಗಳು ದೊಡ್ಡದಾಗಿದ್ದವು, ಗೋಡೆ ತುಂಬಲು ಅಪ್ಪ ಅವ್ವ ಬೇಕಾಗಿದ್ದರು. ಅದೂ ಹೇಗಿದ್ದರೋ ಹಾಗಲ್ಲ, ಹೇಗಿರಬೇಕಿತ್ತೋ ಹಾಗೆ. ಕಲಬುರಗಿ ಕಡೆಯ ಬಸವಕಿರಣ ಎಂಬ ಎಂಜಿನಿಯರ್ ಒಮ್ಮೆ ಅಪ್ಪನ ಫೋಟೋ ತಂದಿದ್ದ. ಬರಿಮೈ, ಹೆಗಲ ಮೇಲೊಂದು ಟವೆಲ್ಲು, ಮುಖದ ತುಂಬ ನಗೆ.

"ಕೋಟ್ ಹಾಕ್ರಿ ಅಂಕಲ್. ಟೈ ಬ್ಯಾಡ, ಟೈ ಹಾಕಿದ್ರ ನಮ್ಮ ಕಾಕಾಗೋಳು ನಗ್ತಾರ."

"ಹಾಕೋಣ್ರಿ," ಎಂದ ಮೌನಪ್ಪ. ಅಷ್ಟೇ. ಬೇಡಿದ್ದನ್ನು ಉಡಿಸುವುದು ಅವನ ಕೆಲಸ, ವಾದಿಸುವುದಲ್ಲ.

ಇದಕ್ಕೆಂದೇ ಅವನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇತ್ತು. ಅದಕ್ಕೆ ಅವನಿಟ್ಟ ಹೆಸರು 'ಬೀರು'. ಬೀರುವಿನಲ್ಲಿ ಜರಿ ರುಮಾಲು, ಶಾಲು, ಇಳಕಲ್ಲು, ಕಂಚಿ, ಧರ್ಮಾವರ ಎಲ್ಲ ಇದ್ದವು. ಕರಿ ಕೋಟು ಇದ್ದದ್ದು ಒಂದೇ, ಅದು ಮೌನಪ್ಪನ ಮದುವೆಯ ಕೋಟು. ಕೋಟಿನ ಫೋಟೋ ತೆಗೆದಿಟ್ಟುಕೊಂಡ ಮರುದಿನವೇ ಶೈಲಾ ಆ ಕೋಟನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಕೋಟು ಹೋದರೂ ಚಿತ್ರ ಉಳಿಯಿತು, ಎಷ್ಟೋ ಜಾತಿಯ ಎಷ್ಟೋ ಊರಿನ ಸತ್ತವರು ಅದೊಂದೇ ಕೋಟು ತೊಟ್ಟುಕೊಂಡು ಹೈದರಾಬಾದಿನ ಗೋಡೆಗಳನ್ನು ಏರಿದರು.

ಸತ್ತವರಿಗೆ ಗಂಡ ಉಡಿಸಿದರೆ ಬದುಕಿದ್ದವರಿಗೆ ಹೆಂಡತಿ ಉಡಿಸುತ್ತಿದ್ದಳು. ಇದು ಶುರುವಾದದ್ದು ಒಂದು ಭಾನುವಾರದ ಪ್ರಸಂಗದಿಂದ. ಅವರು ರೈಲು ಹತ್ತಿ ಹೋಗುತ್ತಿದ್ದ ಚರ್ಚು ತೆಲುಗಿನವರದು. ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕನ್ನಡದವರ ಪಾಳಿ. ಬೆಂಚುಗಳು ಇನ್ನೂ ಬೆಚ್ಚಗಿರುತ್ತಿದ್ದವು, ಅರ್ಧ ಬೆಂಚುಗಳು ಖಾಲಿ ಇರುತ್ತಿದ್ದವು. ಆ ದಿನ ಪಾಸ್ಟರ್ ಸಾಹೇಬರು ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಬೇಕೆಂಬ ಮಾತಿನ ಮೇಲೆ ಪ್ರಸಂಗ ಮಾಡಿದರು. ಎಲ್ಲರೂ ತಲೆಯಾಡಿಸಿ, ಆಮೆನ್ ಹೇಳಿ, ಮನೆಗೆ ಹೋಗಿ ಉಂಡು ಮಲಗಿದರು. ಶೈಲಾ ಮನೆಗೆ ಬಂದವಳೇ ಟ್ರಂಕು ಬಿಚ್ಚಿ ಕೂತಳು.

"ಎಲ್ಲಾ ಕೊಟ್ಟು ಏನ್ ಉಡ್ತೀ?" ಎಂದು ಮೌನಪ್ಪ ಕೇಳಿದ.

"ನಾ ಎಲ್ಲಿ ಕೊಡಾಕತ್ತೀನ್ರಿ? ಎರಡು ಇದ್ರ ಒಂದು ಅವರದು. ಅವರದು ಅವರಿಗೆ ಮುಟ್ಸಾಕತ್ತೀನಿ, ಅಷ್ಟ."

ಅಲ್ಲಿಂದ ಆ ಮನೆಯ ಕಾನೂನು ಅದೇ ಆಯಿತು. ಹೊಸದೊಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಮಕ್ಕಳಿಲ್ಲದ ಮನೆ. ಅವಳ ಎದೆಯಲ್ಲಿದ್ದ ಮಮತೆಯೆಲ್ಲ ಈ ಕೆಲಸದ ಕಡೆ ಹರಿಯಿತು. ಶೈಲಾ ಗಚ್ಚಿಬೌಲಿಯ ಫ್ಲ್ಯಾಟುಗಳ ಬಾಗಿಲು ತಟ್ಟಿ ಹೆಚ್ಚಿನ ಬಟ್ಟೆ ಕೇಳತೊಡಗಿದಳು. ಅಲ್ಲಿ ಬಟ್ಟೆಗೇನು ಬರ? ಬಾಗಿಲು ಮುಚ್ಚಲಾರದಷ್ಟು ತುಂಬಿದ ಕಪಾಟುಗಳು. ಅವಳು ತಂದದ್ದನ್ನು ಒಗೆದು, ಗುಂಡಿ ಹಚ್ಚಿ, ಇದ್ದಿಲ ಇಸ್ತ್ರಿಯಿಂದ ಉಜ್ಜಿ, ಮಡಚಿ, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಗೆ ಒಯ್ಯುತ್ತಿದ್ದಳು. ಶಹಾಪುರ, ಸುರಪುರದ ಕಡೆಯಿಂದ ಬಂದ ಮಂದಿ ಕಂಪ್ಯೂಟರ್ ಕಂಪನಿಗಳ ಹೆಸರಿದ್ದ ಟೀ ಶರ್ಟು ತೊಟ್ಟು, ಅದೇ ಕಂಪನಿಗಳ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದರು. ಚರ್ಚಿನ ಮಹಿಳಾ ಸಂಘದವರೂ ಜೊತೆಗೂಡಿದರು. ಅವರಿಗೂ ಶೈಲಾಳ ಕಾನೂನೇ ಕಾನೂನು: ಹರಿದದ್ದು, ತೇಪೆ ಹಚ್ಚಿದ್ದು ಚೀಲಕ್ಕೆ ಬೀಳಕೂಡದು. "ಹರಕ ಕೊಟ್ರ ಅದು ದಾನ ಅಲ್ಲ, ಕಸ ಚೆಲ್ಲೂದು," ಎನ್ನುತ್ತಿದ್ದಳು.

ಮೌನಪ್ಪ ಇದನ್ನೆಲ್ಲ ಬೇಡವೆನ್ನಲಿಲ್ಲ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿನ ಮುಂದೆ ಅವಳಿಗೊಂದು ಸೀರೆ ತಂದುಕೊಡುತ್ತಿದ್ದ. ಸೀರೆ ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಬೀರುವಿನಲ್ಲಿ ದಿನವೂ ಸೀರೆಗಳ ನಡುವೆಯೇ ಬದುಕುವವನಲ್ಲವೇ. ಅವಳು ಅಂಚು ಮುಟ್ಟಿ ನೋಡಿ, "ಭಾಳ ಛಲೋ ಐತ್ರಿ," ಎಂದು ಎತ್ತಿಡುತ್ತಿದ್ದಳು. ಹೊಸದು ಬಂತು, ಹಳೆಯದು ಹೋಯಿತು ಎಂದು ಅವನು ತನ್ನಷ್ಟಕ್ಕೆ ತಿಳಿದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಿದ್ದ.

ಶೈಲಾ ತೀರಿಕೊಂಡದ್ದು ಒಂದು ಮಳೆಗಾಲದಲ್ಲಿ, ಜ್ವರ ಎದೆಗಿಳಿದು. ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ನಾ ಹ್ವಾದ ಮ್ಯಾಲ ನನ್ನ ಬಟ್ಟಿ ಟ್ರಂಕಿನ್ಯಾಗ ಇಟ್ಕೊಂಡು ಕೂಡಬ್ಯಾಡ್ರಿ. ಅವರದು ಅವರಿಗೆ ಮುಟ್ಸಿಬಿಡ್ರಿ."

ಭಾನುವಾರದ ಬಿಳಿ ಸೀರೆಯಲ್ಲಿ ಅವಳನ್ನು ಮಣ್ಣು ಮಾಡಿದರು. ವಾರ ತುಂಬುವ ಮೊದಲೇ ಮಹಿಳಾ ಸಂಘದ ಯಮುನಾಬಾಯಿ ಬಂದು ಟ್ರಂಕು ಬಿಚ್ಚಿದರು. ಒಂದು ಸ್ವೆಟರು, ಒಂದು ಶಾಲು, ಒಂದು ಹಸಿರು ಸೀರೆ ಚೀಲಕ್ಕೆ ಬಿದ್ದವು. ಉಳಿದದ್ದನ್ನು ಯಮುನಾಬಾಯಿ ಕೈಯಲ್ಲಿ ಹಿಡಿದು ನೋಡಿ ಬದಿಗಿಟ್ಟರು. "ಇವು ಹರದಾವ್ರಿ ಮೌನಪ್ಪಾರ. ಶೈಲಕ್ಕನ ಕಾನೂನ ಪ್ರಕಾರ ಇವನ್ನ ಒಯ್ಯಂಗಿಲ್ಲ. ಒರಸಾಕ ಬರ್ತಾವ, ಇಟ್ಕೋರಿ." ಮೌನಪ್ಪ ಕಿಟಕಿಯ ಕಡೆ ನೋಡುತ್ತ ಹೂಂ ಎಂದ. ಅವನು ತಿರುಗಿ ನೋಡಲೇ ಇಲ್ಲ. ನೋಡಿದರೆ ತಡೆಯಲಾರೆ ಎಂದು ಅವನಿಗೆ ಗೊತ್ತಿತ್ತು.

ಆಮೇಲಿನದು ಒಂಟಿ ಬದುಕು. ಹೊತ್ತಿಗೆ ಸರಿಯಾಗಿ ಅಂಗಡಿ ತೆರೆದ, ಹೊತ್ತಿಗೆ ಸರಿಯಾಗಿ ಮುಚ್ಚಿದ. ಒಂದು ಗ್ಲಾಸು ಅಕ್ಕಿ ಹಾಕಿದರೆ ಎರಡು ಹೊತ್ತಿಗಾಗಿ ಮಿಕ್ಕುತ್ತಿತ್ತು. ಹೊರಗೆಲ್ಲ ತೆಲುಗು, ಹಿಂದಿ. ಮನೆಯಲ್ಲಿ ಕನ್ನಡ ಆಡಲು ಯಾರೂ ಇಲ್ಲದೆ, ಸ್ಟೋವಿಗೆ, ಬಾಗಿಲಿಗೆ, ಚಪ್ಪಲಿಗೆ ಒಂದೊಂದು ಮಾತು ಆಡುವುದನ್ನು ರೂಢಿ ಮಾಡಿಕೊಂಡ. ಮೊದಲೇ ಕಡಿಮೆ ಮಾತಿನವನು. ಈಗ ಆ ಇದ್ದಷ್ಟು ಮಾತಿಗೂ ಕೇಳುವ ಕಿವಿ ಇಲ್ಲದಾಯಿತು.

ವರ್ಷ ತುಂಬುತ್ತ ಬಂತು. ಅವರ ಸಭೆಯಲ್ಲಿ ಒಂದು ಪದ್ಧತಿ: ವರ್ಷದ ಪ್ರಾರ್ಥನೆಯ ದಿನ ತೀರಿಕೊಂಡವರ ಫೋಟೋ ತಂದು ವೇದಿಯ ಮುಂದಿನ ಮೇಜಿನ ಮೇಲೆ ಇಡಬೇಕು. "ನಿಮಗೇನ್ರಿ ಚಿಂತಿ, ನೀವ ಫೋಟೋದವರು," ಎಂದರು ಯಮುನಾಬಾಯಿ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಫೋಟೋದವನ ಮನೆಯಲ್ಲಿ ಹೆಂಡತಿಯ ಫೋಟೋ ಇರಲಿಲ್ಲ. ಮದುವೆಯ ಆಲ್ಬಮ್ಮು ಹಿಂದೊಮ್ಮೆ ಬಾಡಿಗೆ ಮನೆಗೆ ಮಳೆನೀರು ನುಗ್ಗಿದಾಗ ನೆಂದು ಹೋಗಿತ್ತು. ನಾಳೆ ತೆಗೆದರಾಯಿತು, ಬರುವ ಹಬ್ಬಕ್ಕೆ ತೆಗೆದರಾಯಿತು ಎಂದು ಮುಂದೂಡುತ್ತ ಬಂದವನಿಗೆ ನಾಳೆ ಮುಗಿದುಹೋಗಿತ್ತು. ರೇಷನ್ ಕಾರ್ಡಿನಲ್ಲೊಂದು ಚಿತ್ರವಿತ್ತು, ಆದರೆ ಅದರಲ್ಲಿ ದೇವದೂತರು ಕೂಡ ಕಳ್ಳರಂತೆ ಕಾಣುತ್ತಾರೆ.

ಆಲ್ಬಮ್ಮಿನಲ್ಲಿ ಉಳಿದದ್ದು ಒಂದು ಕಪ್ಪು ಬಿಳುಪು ಫೋಟೋ. ಅದರಲ್ಲಿ ಶೈಲಾಳ ಮುಖ, ಕುತ್ತಿಗೆ ಇದ್ದವು. ಕೆಳಗೆಲ್ಲ ನೀರು ತಿಂದು ಬೆಳ್ಳಗಾಗಿತ್ತು. ಮೌನಪ್ಪ ಅದನ್ನೇ ಮುಂದಿಟ್ಟುಕೊಂಡು ಕೂತ. ಮದುಮಗಳ ಮುಖಕ್ಕೆ ನಿಧಾನವಾಗಿ ಬಣ್ಣ, ವಯಸ್ಸು ತಂದ. ಕಣ್ಣಿನ ಕೆಳಗಿನ ಗೆರೆ, ಕಿವಿಯ ಬಳಿಯ ನರೆ, ಗಲ್ಲದ ಮೇಲಿನ ಸಣ್ಣ ಮಚ್ಚೆ, ಎಲ್ಲ ಅವನಿಗೆ ನೆನಪಿತ್ತು. ಮುಖ ಮುಗಿದಾಗ ಅವಳೇ ಬಂದು ಎದುರು ಕೂತಂತಾಗಿ ಮೌಸಿನಿಂದ ಕೈ ತೆಗೆದ. ಆಮೇಲೆ ಬೀರು ತೆರೆದ.

ಕಂಚಿ ಉಡಿಸಿದ. ಯಾರೋ ಜಮೀನ್ದಾರರ ಹೆಂಡತಿ ಬಂದು ಕೂತಳು. ಇಳಕಲ್ಲು ಉಡಿಸಿದ. ಯಾರದೋ ಅತ್ತೆಯಾದಳು. ಬಿಳಿಯದು ಉಡಿಸಿದರೆ ಶವಪೆಟ್ಟಿಗೆ ಕಣ್ಣ ಮುಂದೆ ಬಂತು, ಥಟ್ಟನೆ ತೆಗೆದ. ಅವಳೇನು ಉಡುತ್ತಿದ್ದಳು? ಬೆಳಿಗ್ಗೆ ಚಹಾ ಕೊಡುವಾಗ, ಇಸ್ತ್ರಿ ಹಾಕುವಾಗ, ಚೀಲ ಹೊತ್ತು ಹೊರಡುವಾಗ ಮೈಮೇಲೆ ಏನಿರುತ್ತಿತ್ತು? ಕಣ್ಣು ಮುಚ್ಚಿ ನೆನೆಸಿದರೆ ಮುಖ ಬರುತ್ತಿತ್ತು, ಕೈ ಬರುತ್ತಿತ್ತು, ಧ್ವನಿಯೂ ಬರುತ್ತಿತ್ತು, ಸೀರೆ ಬರುತ್ತಿರಲಿಲ್ಲ. ಕಂಡವರ ಅವ್ವಂದಿರ ಸೀರೆಯ ಅಂಚಿನ ಎಳೆ ಎಳೆ ನೆನಪಿಟ್ಟ ಮನುಷ್ಯನಿಗೆ ಕಟ್ಟಿಕೊಂಡವಳ ಸೀರೆಯ ಬಣ್ಣ ಗೊತ್ತಿರಲಿಲ್ಲ. ಮೌನಪ್ಪನಿಗೆ ಹೆದರಿಕೆಯಾಯಿತು. ಅವಳು ಎರಡನೇ ಸಲ ಕೈಬಿಟ್ಟು ಹೋಗುತ್ತಿದ್ದಾಳೆ ಅನ್ನಿಸಿತು.

ಆಗ ಹಸಿರು ಸೀರೆ ನೆನಪಾಯಿತು. ಅವಳು ತೀರಿಕೊಳ್ಳುವ ಹಿಂದಿನ ಕ್ರಿಸ್‌ಮಸ್ಸಿಗೆ ತಾನೇ ತಂದದ್ದು, ಎಳೆ ಹಸಿರು, ಕುಂಕುಮ ಬಣ್ಣದ ಅಂಚು. ನೆನಪಾದದ್ದೇ ತಡ, ಅದನ್ನುಟ್ಟ ಶೈಲಾ ಕಣ್ಣ ಮುಂದೆ ನಡೆದಾಡತೊಡಗಿದಳು. ಹೊಸಿಲು ದಾಟುವಾಗ ನೆರಿಗೆ ಎತ್ತಿ ಹಿಡಿದದ್ದು, ಚರ್ಚಿನಲ್ಲಿ ಸೆರಗು ಹೊದ್ದದ್ದು, ಎಲ್ಲ. ಆ ಸೀರೆಯ ಫೋಟೋ ಒಂದು ಸಿಕ್ಕರೆ ಸಾಕು, ಚಿತ್ರ ಮುಗಿಯುತ್ತದೆ. ಚೀಲ ಯಾರ ಕೈಗೆ ಹೋಯಿತೆಂದು ಯಮುನಾಬಾಯಿಯನ್ನು ಕೇಳಿದ.

"ಗದಿಗೆಮ್ಮಗ ಕೊಟ್ವಿರಿ. ಶೈಲಕ್ಕನ ನೆಪ್ಪಿಗೆ ಏನರ ಕೊಡ್ರಿ ಅಂತ ಅತ್ಲು ಪಾಪ. ಅಕಿ ಗಂಡ ಹುಲಗೇಶ ಸೆಂಟ್ರಿಂಗ್ ಕೆಲಸದಾಂವ. ಗಚ್ಚಿಬೌಲಿ ಶೆಡ್ಡಿನ್ಯಾಗ ಇದ್ರು, ಈಗ ಅದಾರೋ ಇಲ್ಲೋ."

ಪ್ರಾರ್ಥನೆಯ ಹಿಂದಿನ ದಿನ ಮೌನಪ್ಪ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟ. ಶೆಡ್ಡುಗಳಿದ್ದ ಜಾಗದಲ್ಲಿ ಈಗ ಕಾರಂಜಿ ಇತ್ತು, ಹುಲ್ಲು ಇತ್ತು, ಕಾವಲುಗಾರನಿದ್ದ. ಕಟ್ಟಡ ಎದ್ದು ನಿಂತರೆ ಕಟ್ಟಿದವರು ಎದ್ದು ಹೋಗಬೇಕು, ಅದು ಆ ಊರಿನ ನಿಯಮ. ಕಾವಲುಗಾರ ಕೈ ತೋರಿಸಿದ ಕಡೆ ನಡೆದ. ಕ್ಯಾಬುಗಳು ಧೂಳೆಬ್ಬಿಸಿಕೊಂಡು ಮೈಮೇಲೆ ಬರುತ್ತಿದ್ದವು. ಇನ್ನೊಂದು ಬಂಡೆ ಒಡೆಯುವ ಜಾಗ, ಇನ್ನೊಂದು ಸಾಲು ತಗಡಿನ ಮನೆಗಳು. ಅಲ್ಲಿ ಕನ್ನಡ ಕಿವಿಗೆ ಬಿದ್ದಾಗ ಅವನಿಗೆ ತನ್ನ ಓಣಿಗೆ ಬಂದಷ್ಟು ಸಮಾಧಾನವಾಯಿತು. ಗದಿಗೆಮ್ಮ ಯಾರೆಂದು ಕೇಳುವುದಕ್ಕೂ, ನೀರಿನ ಕೊಡ ಇಳಿಸುತ್ತಿದ್ದ ಹೆಂಗಸು ತಿರುಗಿ ನೋಡುವುದಕ್ಕೂ ಸರಿಹೋಯಿತು.

ಶೈಲಾಳ ಗಂಡ ಎಂದು ತಿಳಿದದ್ದೇ ಆಕೆ ಸೆರಗು ತಲೆಗೆ ಎಳೆದುಕೊಂಡು ಗೋಣಿತಟ್ಟು ಹಾಸಿದಳು. "ಬರ್ರಿ ಅಣ್ಣಾರ, ಕೂಡ್ರಿ. ಅಕ್ಕ ಬಂದ್ರ ಇಲ್ಲೇ ಕೂಡ್ತಿದ್ಲು." ಹುಲಗೇಶ ಕೆಲಸಕ್ಕೆ ಹೋಗಿದ್ದ. ಆಕೆ ಚಹಾಕ್ಕಿಟ್ಟಳು.

ಮೌನಪ್ಪ ಬಂದ ಕಾರಣ ಹೇಳಿದ. ಗದಿಗೆಮ್ಮ ಒಳಗಿನ ಟ್ರಂಕಿನಿಂದ ಹಸಿರು ಸೀರೆ ತಂದು ಬಿಡಿಸಿ ಹಿಡಿದಳು. ಅದೇ ಎಳೆ ಹಸಿರು, ಅದೇ ಅಂಚು. ಮೌನಪ್ಪ ಅಂಚನ್ನು ಮುಟ್ಟಿ ನೋಡಿದ. ಬೆಳಕು ಬೀಳುವಂತೆ ಬಾಗಿಲಿಗೆ ಹಾಕಲು ಹೇಳಿ ಕ್ಯಾಮೆರಾ ಎತ್ತಿಕೊಂಡ.

"ಇದು ಅಕಿ ಮೈಮ್ಯಾಲ ಭಾಳ ಒಪ್ಪತಿತ್ತವಾ," ಎಂದ. "ಇದನ್ನ ಉಟ್ಕೊಂಡು ಚರ್ಚಿಗೆ ಬಂದ್ರ ಎಲ್ಲಾರೂ ನೋಡವ್ರು."

ಗದಿಗೆಮ್ಮ ಸೀರೆಯ ತುದಿ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಚಹಾ ಉಕ್ಕಿತು. ಇಳಿಸಿ ಬಂದು ಮತ್ತೆ ನಿಂತಳು.

"ಅಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ಇದನ್ನ ಅಕ್ಕ ಉಟ್ಟಿಲ್ಲರಿ."

"ಉಟ್ಟಿಲ್ಲಂದ್ರ? ನಾ ನೋಡೀನಲ್ಲವಾ."

"ನನಗ ಕೊಟ್ಟಾಗ ಅಂಗಡ್ಯಾಗಿನ ಮಡಿಕಿ ಬಿಚ್ಚಿರಲಿಲ್ಲರಿ. ಫಾಲ್ ಹಚ್ಚಿರಲಿಲ್ಲ. ಸೀರಿ ಜೋಡಿ ಬಂದ ರವಕಿ ತುಣುಕು ಸೈತ ಕತ್ತರಿಸಿರಲಿಲ್ಲ. ನಾನ ಕತ್ತರಿಸಿ ಹೊಲಿಸ್ಕೊಂಡೆ."

ರವಿಕೆಯ ತುಂಡು ಕತ್ತರಿಸದೆ ಯಾವ ಹೆಂಗಸೂ ಹೊಸ ಸೀರೆ ಉಡುವುದಿಲ್ಲ. ಹೊಸಿಲು ದಾಟುವಾಗ ಎತ್ತಿ ಹಿಡಿದ ನೆರಿಗೆ, ಚರ್ಚಿನ ಸೆರಗು, ಎಲ್ಲ ಮೌನಪ್ಪನೇ ಉಡಿಸಿದ್ದು. ಬಸವಕಿರಣನ ಅಪ್ಪನಿಗೆ ಕೋಟು ಹಾಕಿದ ಹಾಗೆ ತನ್ನ ನೆನಪಿಗೂ ಬೀರುವಿನಿಂದ ತೆಗೆದು ಉಡಿಸಿಕೊಂಡಿದ್ದ. ಅವನು ಕ್ಯಾಮೆರಾ ಕೆಳಗಿಟ್ಟ.

"ನೀವು ತಂದುಕೊಟ್ಟಿದ್ದೆಲ್ಲಾ ಹಿಂಗ ಬರ್ತಿತ್ತರಿ," ಎಂದಳು ಗದಿಗೆಮ್ಮ ಮೆಲ್ಲಗೆ. "ಹಳದೀದು ನನ್ನ ತಂಗಿಗೆ ಕೊಟ್ಲು. ನೀಲೀದು ಆ ಕಡೀ ಮನಿ ಬಸಲಿಂಗಮ್ಮಗ, ಮಗಳ ಮದಿವಿಗೆ. ಹೊಸಾದು ಹೋಗಬೇಕು, ಹಳೇದು ಉಳೀಬೇಕು, ಅನ್ನಾಕಿ."

"ಮತ್ತ ಅಕಿ ಏನ್ ಉಡ್ತಿದ್ಲು?"

ಕೇಳಿದ ಮೇಲೆ ಮೌನಪ್ಪನಿಗೆ ನಾಚಿಕೆಯಾಯಿತು. ಹೆಂಡತಿ ಏನು ಉಡುತ್ತಿದ್ದಳು ಎಂದು ಗಂಡ ಮೂರನೆಯವರನ್ನು ಕೇಳುವ ಪ್ರಶ್ನೆಯೇ ಅದು? ಗದಿಗೆಮ್ಮನಿಗೂ ಹಾಗೆ ಅನ್ನಿಸಿರಬೇಕು, ಅವನ ಮುಖ ನೋಡದೆ ಚಹಾ ಸೋಸುತ್ತ ಹೇಳಿದಳು.

"ಒಂದ ಸೀರಿ ಅಣ್ಣಾರ, ಯಾವಾಗ್ಲೂ ಅದ. ಕಂದು ಬಣ್ಣದ್ದು, ಮ್ಯಾಲ ಸಣ್ಣ ಸಣ್ಣ ಬಿಳಿ ಚುಕ್ಕಿ. ಒಗದ ಒಗದ ಮೆತ್ತಗ ಆಗಿತ್ತು. ನಮ್ಮ ಬಟ್ಟಿಗೆ ಇಸ್ತ್ರಿ ಹಾಕುಮುಂದ ಕೆಂಡ ಸಿಡದು ಸೆರಗಿಗೆ ತೂತ ಬಿದ್ದಿತ್ತು. ಕಂದು ದಾರ ಇರಲಿಲ್ಲಂತ ನೀಲಿ ದಾರದಾಗ ಹೆಣದಿದ್ಲು. ನಾ ಒಮ್ಮೆ ಕೇಳೇ ಬಿಟ್ಟೆ. ಅಕ್ಕಾ, ನಮಗ ಹೊಸಾದು ಉಡಿಸಿ ನೀ ಹರಕ ಉಡ್ತೀಯಲ್ಲ, ನಿನ್ನ ಯಜಮಾನ್ರು ಬೈಯೂದಿಲ್ಲೇನು? ಅದಕ್ಕ ಅಕ್ಕ ನಕ್ಕೋತ ಏನಂದ್ಲು ಗೊತ್ತೇನ್ರಿ?"

"ಏನಂದ್ಲು?"

"ಅವರು ದಿನಾ ಸತ್ತವರ ಸೀರಿ ನೋಡ್ತಾರವಾ. ನನ್ನ ಸೀರಿ ಅವರ ಕಣ್ಣಿಗೆ ಬೀಳಬೇಕಂದ್ರ ನಾನೂ ಸಾಯಬೇಕು, ಅಂದ್ಲು."

ಗದಿಗೆಮ್ಮ ಇದನ್ನು ತಮಾಷೆಯೆಂದೇ ಹೇಳಿದಳು, ಶೈಲಾ ಕೂಡ ತಮಾಷೆಗೇ ಅಂದಿರಬೇಕು. ಮೌನಪ್ಪ ಚಹಾದ ಲೋಟ ಹಿಡಿದುಕೊಂಡು ಕೂತೇ ಇದ್ದ. ನೀಲಿ ದಾರ ಎಂದಾಗಲೇ ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಉಜ್ಜತೊಡಗಿತ್ತು. ಆ ಗಂಟು ಬೆರಳಿಗೆ ಗೊತ್ತಿತ್ತು.

ಹೊರಡುವಾಗ ಗದಿಗೆಮ್ಮ ಹಸಿರು ಸೀರೆಯನ್ನು ಮಡಚಿ ಅವನ ಮುಂದಿಟ್ಟಳು. "ಅಕ್ಕನ ನೆಪ್ಪಿಗೆ ನೀವ ಒಯ್ರಿ ಅಣ್ಣಾರ."

"ಬ್ಯಾಡವಾ. ಅದು ನಿಂದು. ಅಕಿ ನಿಂದು ನಿನಗ ಮುಟ್ಸ್ಯಾಳ," ಎಂದು ಮೌನಪ್ಪ ಎದ್ದ. ಅವನ ಬಾಯಲ್ಲಿ ಶೈಲಾಳ ಮಾತು ಬಂದದ್ದು ಅದೇ ಮೊದಲು.

ಅಂಗಡಿಗೆ ಬಂದು ಶಟರು ಎತ್ತಿದ. ಒರೆಸುವ ಬಟ್ಟೆ ಸ್ಕ್ಯಾನರಿನ ಮೇಲೆ, ಬೆಳಿಗ್ಗೆ ಇಟ್ಟಲ್ಲೇ ಇತ್ತು. ಟ್ರಂಕಿನ ಬದಿಗೆ ಉಳಿದ ಗಂಟಿನಿಂದ ತಾನೇ ಒಂದು ದಿನ ಎಳೆದು, ಹಲ್ಲಿನಿಂದ ಕಚ್ಚಿ, ಪರ್ರನೆ ಹರಿದು ತುಂಡು ಮಾಡಿಕೊಂಡದ್ದು ಈಗ ನೆನಪಾಯಿತು. ಎಷ್ಟು ಮೆತ್ತಗಿದೆ, ಗಾಜಿಗೆ ಹೇಳಿ ಮಾಡಿಸಿದಂತಿದೆ ಎಂದು ಆಗ ಖುಷಿಯೂ ಆಗಿತ್ತು. ಮಡಚಿದ್ದ ಮೂಲೆಯನ್ನು ಬಿಡಿಸಿದ. ಕಂದು ನೆಲದ ಮೇಲೆ ನೀಲಿ ಹೆಣಿಗೆ. ಇಂಕಿನ ಕಲೆಯ ನಡುವೆ ಬಿಳಿ ಚುಕ್ಕಿಗಳು. ಕಂಡವರ ಅಪ್ಪ ಅವ್ವಂದಿರ ಧೂಳನ್ನೆಲ್ಲ ಇಷ್ಟು ತಿಂಗಳು ಅವಳ ಸೆರಗಿನಿಂದಲೇ ಒರೆಸಿದ್ದ. ಮೌನಪ್ಪ ಆ ತುಂಡನ್ನು ಮುಖಕ್ಕೊತ್ತಿಕೊಂಡು ಅತ್ತ. ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಬಟ್ಟೆಯಲ್ಲಿ ಅವಳ ವಾಸನೆ ಇರಲಿಲ್ಲ, ಗಾಜು ಒರೆಸುವ ಸ್ಪಿರಿಟ್ಟಿನ ವಾಸನೆ ಇತ್ತು.

ಆಮೇಲೆ ಕೆಲಸಕ್ಕೆ ಕೂತ. ಗಾಜು ಒರೆಸಬೇಕೆಂದು ಕೈ ಬಟ್ಟೆ ಹುಡುಕಿತು. ಬಟ್ಟೆ ಕೈಯಲ್ಲೇ ಇತ್ತು, ಅದರಿಂದ ಒರೆಸಲು ಮನಸ್ಸು ಬರಲಿಲ್ಲ. ಅಂಗಿಯ ತೋಳು ಎಳೆದು ಗಾಜು ಒರೆಸಿ, ಸೆರಗಿನ ತುಂಡನ್ನು ಗಾಜಿನ ಮೇಲೆ ಹಾಸಿ ಮುಚ್ಚಿದ. ಬೆಳಕು ಅದರ ಕೆಳಗೆ ನಿಧಾನವಾಗಿ ಹರಿದು ಹೋಯಿತು. ತೆರೆಯ ಮೇಲೆ ಕಂದು ಬಂತು, ಚುಕ್ಕಿ ಬಂತು. ಅದನ್ನು ಬೆಳೆಸಿ, ನೆರಿಗೆ ಕೊಟ್ಟು, ಅವಳ ಹೆಗಲ ಮೇಲೆ ಹೊದಿಸಿದ. ಆಗ ಬೆರಳು ಹಳೆಯ ಚಾಳಿಗೆ ಬಿದ್ದು ಹೆಗಲ ಮೇಲ್ಗಡೆಯ ಬಿಳಿ ಚುಕ್ಕಿಗಳನ್ನು ಅಳಿಸುತ್ತ ಹೋಯಿತು. ಹೆಗಲು ಬೋಳಾದದ್ದು ಕಂಡು ಮೌನಪ್ಪ ಬೆಚ್ಚಿ ಕೈ ತೆಗೆದ. ಅಳಿಸಿದ್ದನ್ನು ಒಂದೊಂದಾಗಿ ವಾಪಸ್ಸು ತಂದ. ಜೀವಮಾನವೆಲ್ಲ ಕಲೆ ತೆಗೆದವನು ಆ ದಿನ ಒಂದು ಕಲೆಯನ್ನೂ ಮುಟ್ಟಲಿಲ್ಲ. ನೀಲಿ ಹೆಣಿಗೆಯನ್ನು ಮರೆಯಾಗುವ ಕಡೆ ಇಡಬಹುದಿತ್ತು, ಎದೆಯ ಮೇಲೆ ಕಾಣುವ ಹಾಗೆ ಇಟ್ಟ.

ಎದುರು ಶೈಲಾ ಇದ್ದಳು. ಚೀಲ ಹೊತ್ತು ಹೊರಡಲು ನಿಂತವಳ ಹಾಗೆ.

ಭಾನುವಾರ ತೆಲುಗಿನವರು ಎದ್ದು ಹೋದ ಮೇಲೆ ಕನ್ನಡದವರು ಒಳಗೆ ಬಂದು ಕೂತರು. ಮೇಜಿನ ಮೇಲೆ ಫೋಟೋ ಇಟ್ಟಾಗ ಹೆಂಗಸರ ಬೆಂಚಿನಲ್ಲಿ ಗುಸುಗುಸು ಎದ್ದಿತು. ಪಾಸ್ಟರ್ ಸಾಹೇಬರು ಪ್ರಾರ್ಥನೆ ಮಾಡಿದರು, ಹಾಡಾಯಿತು, ಎಲ್ಲ ಪದ್ಧತಿಯಂತೆ ನಡೆಯಿತು. ಮುಗಿದ ಮೇಲೆ ಯಮುನಾಬಾಯಿ ಕನ್ನಡಕ ಸರಿಮಾಡಿಕೊಂಡು ಫೋಟೋದ ಹತ್ತಿರ ಬಾಗಿ ನೋಡಿದರು.

"ಮುಖ ಅಗದೀ ಶೈಲಕ್ಕನ ಬಿಡ್ರಿ. ಖರೆ ಮೌನಪ್ಪಾರ, ಊರ ಮಂದಿಗೆಲ್ಲಾ ರೇಷ್ಮಿ ಉಡಸ್ತೀರಿ, ಸ್ವಂತ ಹೇಣತಿಗೆ ಹರಕ ಸೀರಿ ಉಡಸೀರಲ್ಲ! ಹೆಣದದ್ದು ಸೈತ ಕಾಣಾಕತ್ತೈತಿ. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲೇನ್ರಿ?"

"ಇಲ್ಲರಿ," ಎಂದ ಮೌನಪ್ಪ. "ಅಕಿ ಇರೂತನಕ ಬಿದ್ದಿರಲಿಲ್ಲ."

ಯಮುನಾಬಾಯಿಗೆ ಅದೇನು ಅರ್ಥವಾಯಿತೋ, ಅವನ ಬೆನ್ನ ಮೇಲೆ ಕೈಯಿಟ್ಟು ಮುಂದೆ ಹೋದರು. ಮೌನಪ್ಪ ಜೇಬಿನಿಂದ ಮೆತ್ತಗಿನ ಕಂದು ಬಟ್ಟೆ ತೆಗೆದು ಫೋಟೋಕ್ಕೆ ಸುತ್ತಿದ, ನೀಲಿ ಗಂಟಿನ ಮೂಲೆ ಮೇಲೆ ಬರುವ ಹಾಗೆ. ಲಿಂಗಂಪಲ್ಲಿಗೆ ಹೋಗುವ ರೈಲಿನಲ್ಲಿ ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಇಟ್ಟು, ತಾನು ಈಚೆ ಕೂತ.